ಮಾಲಾ, ಅಂತರಾ, ದುಬಾರಿ ಮಾತ್ರೆ, ಹಾರ್ಮೋನ್ ಕಾಯಿಲ್: ಎಲ್ಲಾ ಬಳಸಿದ ಮೇಲೆ ನನಗನ್ಸಿದ್ದು

ಇವೆಲ್ಲಾ ಬಸುರಾಗದಂಗೆ ತಡೆಯೋ ಗರ್ಭನಿರೋಧಕಗಳು, ಸರಿಯಾಗಿ ತಗೊಂಡ್ರೆ ಎಲ್ಲಾನೂ ಕೆಲಸ ಮಾಡ್ತವೆ ರೀ, ಅದ್ರಲ್ಲಿ ಡೌಟಿಲ್ಲ. ಹಂಗಾಗಿ ಯಾವ್ದು ಗ್ಯಾರಂಟಿ ಅಂತ ಕೇಳೋಕ್ಕಿಂತ ಮುಂಚೆ ನಾನು ಎರಡು ಪ್ರಶ್ನೆ ಕೇಳ್ತೀನಿ, ಇದನ್ನ ತಗೊಂಡ್ರೆ ನನ್ನ ಡೇಟ್ ಏನಾಗುತ್ತೆ, ಬೇಡ ಅನ್ಸಿದ್ರೆ ನಾನೇ ನಿಲ್ಲಿಸ್ಬೋದಾ ಅಂತ. ಡಾಕ್ಟ್ರು ಈ ಎರಡನ್ನ ಕೊನೇಲಿ ಹೇಳ್ತಾರೆ, ಕೆಲವ್ರು ಹೇಳೋದೇ ಇಲ್ಲ. ಆದ್ರೆ ದಾವಣಗೆರೆ ಕಡೆ ಕೂಡು ಮನೇಲಿರೋರಿಗೆ ಗೊತ್ತಿರುತ್ತೆ, ಮುಟ್ಟು ಅಂದ್ರೆ ಬರೀ ನಮ್ಮ ಮೈ ವಿಷ್ಯ ಅಲ್ಲ, ದೇವರ ಮನೆ ದೀಪ ಇವತ್ತು ಯಾರು ಹಚ್ತಾರೆ ಅನ್ನೋದೂ ಅದ್ರಲ್ಲೇ ಸೇರಿರುತ್ತೆ, ಅತ್ತೆ ನಮಗಿಂತ ಚೆನ್ನಾಗಿ ಲೆಕ್ಕ ಇಟ್ಟಿರ್ತಾರೆ.

ನಾನು ಮೊದಲು ತಗೊಂಡಿದ್ದು ಅಂತರಾ ಚುಚ್ಚುಮದ್ದು. ದೊಡ್ಡವನು ಹುಟ್ಟಿ ಎದೆಹಾಲು ಕುಡೀತಿದ್ದ, ಹಾಲು ಕುಡಿಸೋರಿಗೆ ಮೊದಲ 6 ತಿಂಗಳು ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಇರೋ ಮಾತ್ರೆ ಕೊಡಲ್ಲ, ಅಂತರಾದಲ್ಲಿ ಈಸ್ಟ್ರೋಜನ್ ಇಲ್ಲ, ಹೆರಿಗೆ ಆಗಿ 6 ವಾರ ಕಳೆದ್ರೆ ತಗೋಬೋದು ಅಂತ ನಮ್ಮ ಆಶಾ ಕಾರ್ಯಕರ್ತೆ ಅಕ್ಕ ಹೇಳಿದ್ರು. ಸರ್ಕಾರದವ್ರು ಇದನ್ನ 2017ರಲ್ಲಿ ಶುರು ಮಾಡಿದ್ದು, ಸರ್ಕಾರಿ ಆಸ್ಪತ್ರೇಲಿ ದುಡ್ಡಿಲ್ಲ. 150 ಮಿಲಿಗ್ರಾಂ ಔಷಧಿ, ತೋಳಿಗೆ ಒಂದು ಸೂಜಿ, 3 ತಿಂಗಳಿಗೆ ಒಂದ್ಸಲ, ಮುಂದಿನ ತಾರೀಖು ಬರೆದ ಒಂದು ಕಾರ್ಡು. ಚುಚ್ಚಿದ ಜಾಗಾನ ಉಜ್ಜಬೇಡ, ಬಿಸಿ ಕಾವು ಕೊಡಬೇಡ ಅಂತ ಸಿಸ್ಟರ್ ಎರಡೆರಡು ಸಲ ಹೇಳಿದ್ರು, ಉಜ್ಜಿದ್ರೆ ಔಷಧಿ ಬೇಗ ಹರಡಿ ಹೋಗುತ್ತಂತೆ, ನಿಧಾನವಾಗಿ ಇಳೀಬೇಕಾದ್ದು ಅದು. ದಿನಾ ನೆನಪಿಡೋ ಕೆಲಸ ಇಲ್ಲ, ಮನೇಲಿ ಸ್ಟ್ರಿಪ್ ಬಚ್ಚಿಡೋ ಕೆಲಸ ಇಲ್ಲ, ಆಹಾ ಅನ್ಕೊಂಡೆ.

ಆಮೇಲೆ ಶುರುವಾಯ್ತು ನೋಡ್ರಿ ಸ್ಪಾಟಿಂಗು. ಜಾಸ್ತಿ ಏನಲ್ಲ, ಒಂದು ಚೂರು ಕಂದು ಬಣ್ಣ, ಇವತ್ತೈತೆ ನಾಳೆ ಇಲ್ಲ ನಾಡಿದ್ದು ಮತ್ತೆ. ಮೈಗೆ ಅದ್ರಿಂದ ತೊಂದ್ರೆ ಇಲ್ಲ ಅಂತಾರೆ, ನಿಜ, ಆದ್ರೆ ಇದು ಮುಟ್ಟಾ ಅಲ್ವಾ ಅಂತ ಅತ್ತೆಗೆ ಹೆಂಗೆ ಹೇಳೋದು? ಶ್ರಾವಣದಲ್ಲಿ ನಾನು ಒಳಗೆ ಹೋಗೋದಾ ಹೊರಗಿರೋದಾ ಅಂತ ದಿನಾ ಬೆಳಿಗ್ಗೆ ಪಂಚಾಯ್ತಿ. ಸೂಜಿ ಮುಂದುವರಿದಂಗೆ ಉಲ್ಟಾ ಆಯ್ತು, ಮುಟ್ಟು ಪೂರ್ತಿ ನಿಂತೇ ಹೋಯ್ತು, ಆಗ ಅತ್ತೆ ಅನುಮಾನ ಬೇರೆ, ಮತ್ತೆ ಬಸುರೇನೋ ಅಂತ. ಇದು ಅಂತರಾ ತಗೊಂಡವ್ರಿಗೆ ತೀರಾ ಮಾಮೂಲು, ರಕ್ತ ಒಳಗೆ ಕಟ್ಕೊಂಡಿರಲ್ಲ, ಗರ್ಭಕೋಶದ ಒಳಪದರ ಬೆಳೆಯೋದೇ ಕಮ್ಮಿ ಆಗಿರುತ್ತೆ ಅಷ್ಟೆ. ಆದ್ರೆ ಸೂಜಿ ಹಾಕಿಸೋಕೆ ಮುಂಚೆ ಮನೇಲಿ ಒಬ್ಬರಿಗಾದ್ರೂ ಹೇಳಿಟ್ಟಿರಿ, ಇಲ್ಲಾಂದ್ರೆ ತಲೆನೋವು.

ಎರಡನೇ ಪ್ರಶ್ನೆಗೂ ಅಂತರಾ ಫೇಲು. ಒಳಗೆ ಹೋದ ಸೂಜೀನ ವಾಪಸ್ ತೆಗೆಯೋಕೆ ಆಗಲ್ಲ, ಹಿಡಿಸ್ಲಿಲ್ಲ ಅಂದ್ರೂ 3 ತಿಂಗಳು ಅನುಭವಿಸ್ಬೇಕು. ನಿಲ್ಲಿಸಿದ ಮೇಲೂ ಮತ್ತೆ ಬಸುರಾಗೋಕೆ ಕೊನೇ ಸೂಜಿಯಿಂದ ಸುಮಾರು 7ರಿಂದ 10 ತಿಂಗಳು ಹಿಡಿಯುತ್ತೆ. ಬಂಜೆತನ ಬರುತ್ತೆ ಅನ್ನೋದು ಸುಳ್ಳು, ತಡ ಆಗುತ್ತೆ ಅನ್ನೋದು ನಿಜ. ನಂಗೆ ತೂಕಾನೂ ಏರ್ತು, ಅದು ಸೂಜೀದೋ ಬಾಣಂತನದ ತುಪ್ಪದ್ದೋ ದೇವ್ರಿಗೇ ಗೊತ್ತು.

ಮಗ ಹಾಲು ಬಿಟ್ಟ ಮೇಲೆ ಮಾಲಾಕ್ಕೆ ಬಂದೆ. ಆಸ್ಪತ್ರೇಲಿ ಫ್ರೀ ಕೊಡೋದು ಮಾಲಾ-ಎನ್, ಮೆಡಿಕಲ್‌ನಲ್ಲಿ ಪುಡಿಗಾಸಿಗೆ ಸಿಗೋದು ಮಾಲಾ-ಡಿ, ಒಳಗಿನ ಔಷಧಿ ಎರಡಕ್ಕೂ ಒಂದೇ, ಲೆವೊನೋರ್ಜೆಸ್ಟ್ರೆಲ್ ಅನ್ನೋ ಹಾರ್ಮೋನ್ 0.15 ಮಿಲಿಗ್ರಾಂ, ಎಥಿನೈಲ್ ಎಸ್ಟ್ರಡಯೋಲ್ ಅನ್ನೋ ಈಸ್ಟ್ರೋಜನ್ 0.03 ಮಿಲಿಗ್ರಾಂ. ಸ್ಟ್ರಿಪ್‌ನಲ್ಲಿ 28 ಮಾತ್ರೆ, 21 ಬಿಳೀವು ಹಾರ್ಮೋನು, ಕೊನೇ 7 ಕಂದು ಬಣ್ಣದವು ಬರೀ ಕಬ್ಬಿಣ ಸತ್ವ, ಆ ಕಬ್ಬಿಣದ ಮಾತ್ರೆ ನಡೀತಿರೋವಾಗ ಡೇಟ್ ಬರುತ್ತೆ. ಮೊದಮೊದ್ಲು ಬೆಳಿಗ್ಗೆ ವಾಕರಿಕೆ, ಮೊಲೆ ನೋವು, ರಾತ್ರಿ ಊಟ ಆದ್ಮೇಲೆ ನುಂಗೋಕೆ ಶುರು ಮಾಡಿದೆ, ಬರ್ತಾ ಬರ್ತಾ ಹೋಯ್ತು. ಅದಾದ್ಮೇಲೆ ಡೇಟ್ ಅಂದ್ರೆ ಹರಿಹರದ ಪ್ಯಾಸೆಂಜರ್ ಗಾಡಿಗಿಂತ ಕರೆಕ್ಟು, ರಕ್ತಾನೂ ಕಮ್ಮಿ, ಹೊಟ್ಟೆನೋವೂ ಕಮ್ಮಿ.

ಇನ್ನೊಂದು ಲಾಭ ಯಾರೂ ಬಾಯಿಬಿಟ್ಟು ಹೇಳಲ್ಲ. ದುಗ್ಗಮ್ಮನ ಜಾತ್ರೆ ಹೊತ್ತಿಗೆ ಡೇಟ್ ಮುಂದೂಡೋಕೆ ನಮ್ಮೂರ ಹೆಂಗಸ್ರು ಮೆಡಿಕಲ್ ಶಾಪಿಗೆ ಹೋಗಿ ನೋರ್‌ಎಥಿಸ್ಟೆರಾನ್ 5 ಮಿಲಿಗ್ರಾಂ ಮಾತ್ರೆ ತಗೊಂಡು ದಿನಕ್ಕೆ ಮೂರು ಸಲ ನುಂಗ್ತಾರಲ್ಲ, ಮಾಲಾ ತಗೊಳ್ಳೋರಿಗೆ ಅದರ ಅವಶ್ಯಕತೇನೇ ಇಲ್ಲ. ಆ ತಿಂಗಳು ಕಬ್ಬಿಣದ ಮಾತ್ರೆ ಬಿಟ್ಟು ನೇರವಾಗಿ ಹೊಸ ಸ್ಟ್ರಿಪ್‌ನ ಬಿಳಿ ಮಾತ್ರೆ ಶುರು ಮಾಡಿದ್ರೆ ಡೇಟ್ ಮುಂದಕ್ಕೆ ಹೋಗುತ್ತೆ, ನಾನು ಡಾಕ್ಟ್ರನ್ನ ಕೇಳಿಯೇ ಮಾಡಿದ್ದು. ಮತ್ತೆ ನೆನಪಿರ್ಲಿ, ಡೇಟ್ ಮುಂದೂಡೋ ಮಾತ್ರೆ ಗರ್ಭ ತಡೆಯೋಕೆ ಇರೋದಲ್ಲ, ಅದನ್ನ ನುಂಗ್ತಿದೀನಿ ಅಂತ ಧೈರ್ಯವಾಗಿರೋ ಹುಡುಗೀರನ್ನ ನೋಡಿದೀನಿ.

ಮಾಲಾದ ಕಷ್ಟ ಒಂದೇ, ದಿನಾ ಬೇಕು. ತವರಿಗೆ ಹೋದಾಗ, ಮದುವೆ ಮನೇಲಿ, ಮಗೂಗೆ ಜ್ವರ ಬಂದಾಗ ತಪ್ಪಿ ಹೋಗುತ್ತೆ. ಒಂದು ತಪ್ಪಿದ್ರೆ ನೆನಪಾದ ತಕ್ಷಣ ನುಂಗಿ, ಆವತ್ತಿನ ಮಾತ್ರೇನೂ ಅದರ ಟೈಮಿಗೆ ನುಂಗೋದು, ಒಂದೇ ದಿನ ಎರಡಾದ್ರೂ ಪರವಾಗಿಲ್ಲ. ಸಾಲಾಗಿ ಎರಡು ಮೂರು ಬಿಟ್ಟೋದ್ರೆ 7 ದಿನ ಕಾಂಡೋಮ್ ಬೇಕೇ ಬೇಕು. ಕಬ್ಬಿಣದ್ದು ಬಿಟ್ಟೋದ್ರೆ ತಲೆ ಕೆಡಿಸ್ಕೋಬೇಡಿ, ಹೊಸ ಸ್ಟ್ರಿಪ್ ಮಾತ್ರ ಟೈಮಿಗೆ ಸರಿಯಾಗಿ ಶುರು ಮಾಡಿ. ನಿಲ್ಲಿಸೋ ವಿಷ್ಯಕ್ಕೆ ಬಂದ್ರೆ ಇದನ್ನ ಮೀರಿಸಿದ್ದಿಲ್ಲ, ನಾಳೆಯಿಂದ ಬೇಡ ಅಂದ್ರೆ ಬೇಡ, ಯಾರ ಪರ್ಮಿಷನ್ನೂ ಬೇಡ.

ಮಧ್ಯದಲ್ಲಿ ಒಂದು ದುಬಾರಿ ಮಾತ್ರೇನೂ ತಿಂದೆ. ಮುಖದ ತುಂಬಾ ಮೊಡವೆ ಅಂತ ಒಂದು ಪ್ರೈವೇಟ್ ಕ್ಲಿನಿಕ್ಕಿಗೆ ಹೋದ್ರೆ ಅಲ್ಲಿ, "ಅಯ್ಯೋ ಮಾಲಾ ಎಲ್ಲಾ ಯಾಕಮ್ಮಾ ತಿಂತೀಯಾ, ಅದು ಹಳ್ಳಿ ಕಡೆಯವ್ರಿಗೆ" ಅಂತ ಹೇಳಿ ಡ್ರೋಸ್ಪಿರಿನೋನ್ ಅನ್ನೋ ಬೇರೆ ಹಾರ್ಮೋನ್ ಇರೋದು ಬರ್ಕೊಟ್ರು, ತಿಂಗಳಿಗೆ ನೂರಾರು ರೂಪಾಯಿ. ಮೊಡವೆ ಕಮ್ಮಿ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ರೇಟ್ ಜಾಸ್ತಿ ಅಂದ್ರೆ ಸೇಫ್ ಜಾಸ್ತಿ ಅಂತಲ್ಲ, ಯಾವ ಈಸ್ಟ್ರೋಜನ್ ಮಾತ್ರೆಯಾದ್ರೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಸಾಧ್ಯತೆ ಸ್ವಲ್ಪ ಏರುತ್ತೆ, ಅದರಲ್ಲೂ ಡ್ರೋಸ್ಪಿರಿನೋನ್‌ಗಿಂತ ಲೆವೊನೋರ್ಜೆಸ್ಟ್ರೆಲ್ ಇರೋ ಹಳೇ ಮಾತ್ರೇಲೇ ಆ ಅಪಾಯ ಕಮ್ಮಿ. ಅಂದ್ರೆ ಆಶಾ ಅಕ್ಕನ ಚೀಲದಲ್ಲಿರೋ ಫ್ರೀ ಮಾಲಾ ಆ ಲೆಕ್ಕದಲ್ಲಿ ಮೇಲು. ಮೊಡವೆ, ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದ್ರೆ) ಕಾಟ ಇಲ್ದೋರು ದುಬಾರಿದಕ್ಕೆ ದುಡ್ಡು ಸುರಿಯೋದು ಯಾಕೆ ಅಂತ ನನಗಂತೂ ಅರ್ಥ ಆಗಲ್ಲ.

ಎರಡನೇದು ಮಗಳು ಹುಟ್ಟಿದ ಮೇಲೆ ಹಾರ್ಮೋನ್ ಕಾಯಿಲ್ ಹಾಕಿಸ್ಕೊಂಡೆ. ಕಾಪರ್‌ಟಿ, ನಮ್ಮಮ್ಮನ ಕಾಲದವ್ರು ವಂಕಿ ಅಂತಿದ್ರಲ್ಲ, ಅದೇ ಆಕಾರ, ಆದ್ರೆ ತಾಮ್ರದ ಬದ್ಲು 52 ಮಿಲಿಗ್ರಾಂ ಲೆವೊನೋರ್ಜೆಸ್ಟ್ರೆಲ್ ಇರುತ್ತೆ, ಗರ್ಭಕೋಶದೊಳಗೇ ಚೂರು ಚೂರು ಬಿಡ್ತಾ ಇರುತ್ತೆ. ಕಾಪರ್‌ಟಿ ಸರ್ಕಾರಿ ಆಸ್ಪತ್ರೇಲಿ ಫ್ರೀ, ಇದಕ್ಕೆ ನಾನು ಪ್ರೈವೇಟಲ್ಲಿ ಸಾವಿರಗಟ್ಟಲೆ ಕೊಟ್ಟೆ. ಹಾಕೋವಾಗ ನೋವಾಗಲ್ಲ ಅಂತಾರಲ್ಲ, ನಂಬಬೇಡಿ. ಒಂದೆರಡು ನಿಮಿಷ ಕಿಬ್ಬೊಟ್ಟೆ ಹಿಂಡಿದಂಗಾಗಿ ಟೇಬಲ್ಲಿನ ಕಂಬಿ ಹಿಡ್ಕೊಂಡಿದ್ದೆ, ಸಿಸ್ಟರ್ ಕೆಮ್ಮಮ್ಮಾ ಕೆಮ್ಮು ಅಂತಿದ್ರು, ಆಮೇಲೆ ಮನೆಗೆ ಬಂದು ಬಿಸಿನೀರಿನ ಬ್ಯಾಗ್ ಇಟ್ಕೊಂಡು ಮಲಗಿದೆ. ಶುರುವಿನ ತಿಂಗಳುಗಳಲ್ಲಿ ಅಂತರಾ ಥರಾನೇ ಸ್ಪಾಟಿಂಗು, ಈ ಸಲ ಮೊದ್ಲೇ ಅತ್ತೆಗೆ ಹೇಳಿದ್ದೆ, "ಆತು ಬಿಡವಾ, ತಲೆಗೆ ನೀರು ಹಾಕ್ಕೊಂಡು ದೀಪ ಹಚ್ಚು" ಅಂದುಬಿಟ್ರು! ಈಗ ಡೇಟ್ ಅಂದ್ರೆ ಒಂದು ಪ್ಯಾಡ್ ಸಾಕು. ಕಾಪರ್‌ಟಿ ಹಾಕಿಸ್ಕೊಂಡ ನಮ್ಮ ಓರಗಿತ್ತಿಗೆ ಅದೇ ಟೈಮಲ್ಲಿ ರಕ್ತ ಜಾಸ್ತಿ ಹೋಗಿ ಸುಸ್ತು, ಹಾರ್ಮೋನ್ ಇಲ್ದಿರೋದು ಒಳ್ಳೇದು ಅಂತ ಅವಳು ಆರಿಸ್ಕೊಂಡಿದ್ದು. ಮುಂಚೆಯಿಂದ್ಲೇ ಜಾಸ್ತಿ ಹೋಗೋರಿಗೆ, ರಕ್ತಹೀನತೆ ಇರೋರಿಗೆ ನನ್ನ ಓಟು ಹಾರ್ಮೋನ್ ಕಾಯಿಲ್‌ಗೇ. ತೆಗೆಸೋಕೆ ಮಾತ್ರ ಡಾಕ್ಟ್ರ ಹತ್ರಾನೇ ಹೋಗ್ಬೇಕು, ತೆಗೆದ ಮೇಲೆ ಅಂತರಾ ಥರ ಕಾಯೋದಿಲ್ಲ.

ಛಾಯಾ ಅನ್ನೋ ಇನ್ನೊಂದು ಗರ್ಭನಿರೋಧಕ ಮಾತ್ರೆ ನಾನು ತಗೊಂಡಿಲ್ಲ, ಅದು ಹಾರ್ಮೋನ್ ಮಾತ್ರೆ ಅಲ್ಲ, ಲಕ್ನೋದ ಸಿಡಿಆರ್‌ಐ ಅನ್ನೋ ಔಷಧಿ ಸಂಶೋಧನಾ ಸಂಸ್ಥೇಲಿ ಕಂಡುಹಿಡಿದಿದ್ದು, ಮೊದಲ 3 ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಐ-ಪಿಲ್ಲನ್ನ ಈ ಸಾಲಲ್ಲಿ ಸೇರಿಸ್ಲೇಬೇಡಿ, ಒಂದು ಐ-ಪಿಲ್‌ನಲ್ಲಿರೋ 1.5 ಮಿಲಿಗ್ರಾಂ ಲೆವೊನೋರ್ಜೆಸ್ಟ್ರೆಲ್ ಮಾಲಾದ ಹತ್ತು ಬಿಳಿ ಮಾತ್ರೆಗೆ ಸಮ, ಅದು ಎಡವಟ್ಟಾದಾಗ 72 ಗಂಟೆ ಒಳಗೆ ತಗೊಳ್ಳೋಕೆ, ತಿಂಗಳು ತಿಂಗಳು ತಿನ್ನೋಕಲ್ಲ.

ಬಿಪಿ ಇರೋರು, ಕಣ್ಣ ಮುಂದೆ ಮಿಂಚು ಹೊಡೆದಂಗಾಗಿ ಮೈಗ್ರೇನ್ ಬರೋರು, ಹಿಂದೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದೋರು ಮಾಲಾ ಆಗ್ಲಿ ದುಬಾರಿ ಮಾತ್ರೆ ಆಗ್ಲಿ ಮುಟ್ಟಬೇಡಿ. ಟಿಬಿಗೆ ರಿಫಾಂಪಿಸಿನ್ ಔಷಧಿ ನಡೀತಿದ್ರೂ ಡಾಕ್ಟ್ರಿಗೆ ಹೇಳಿ, ಈ ಮಾತ್ರೆ ಸರಿಯಾಗಿ ಕೆಲಸ ಮಾಡಲ್ಲ. ಮೊನ್ನೆ ನಮ್ಮ ನಾದಿನಿ ಕೇಳಿದ್ಲು, ಅತ್ತಿಗೆ ನಾನು ಯಾವ್ದು ತಗೊಳ್ಲಿ ಅಂತ. ಅವಳಿಗೆ ಮುಂದಿನ ವರ್ಷ ಇನ್ನೊಂದು ಮಗು ಬೇಕು, ಹಂಗಾಗಿ ಅಂತರಾ ಬೇಡ, ಇಷ್ಟು ಸ್ವಲ್ಪ ದಿನಕ್ಕೆ ಕಾಯಿಲ್‌ಗೆ ದುಡ್ಡು ಹಾಕೋದೂ ದಂಡ, ನಮ್ಮ ಚಿಗಟೇರಿ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಿಪಿ ನೋಡಿಸ್ಕೊಂಡು ಮಾಲಾ ಶುರು ಮಾಡು, ಮೊಬೈಲಲ್ಲಿ ರಾತ್ರಿ ಒಂಬತ್ತಕ್ಕೆ ಅಲಾರಂ ಇಟ್ಕೋ ಅಂದೆ.