ಮಂಡಿಪೇಟೆಯ ಟ್ರಾನ್ಸ್‌ಪರೆಂಟ್ ಡಬ್ಬ: ನಾಲ್ಕು ತಿಂಗಳ ಮೇಲೆ

ಯುಗಾದಿಗೆ ಮುಂಚೆ ತುಮಕೂರು ಮಂಡಿಪೇಟೆಯ ಒಂದು ಪ್ಲಾಸ್ಟಿಕ್ ಅಂಗಡಿಯಲ್ಲಿ 20 ಲೀಟರಿನ ಆರು ಡಬ್ಬ ತಂದೆ. ಒಂದಕ್ಕೆ 340 ಹೇಳಿದರು, ಚೌಕಾಸಿ ಮಾಡಿ 310ಕ್ಕೆ ಇಳಿಸಿದೆ. 'ಹನ್ನೆರಡು ತಗೊಳ್ಳಿ ಅಕ್ಕಾ, ಇನ್ನೂ ಕಮ್ಮಿ ಮಾಡ್ತೀನಿ' ಅಂದ ಹುಡುಗ. ಪುಣ್ಯಕ್ಕೆ ಪರ್ಸು ಮಗಳ ಕೈಯಲ್ಲಿತ್ತು.

ಪುಣ್ಯ ಅಂದಿದ್ದು ಯಾಕೆಂದರೆ, ನನಗೆ ಹೋರ್ಡಿಂಗ್ ಡಿಸಾರ್ಡರ್ ಇದೆ, ಅಂದರೆ ಬೇಡದ ಸಾಮಾನನ್ನೂ ಬಿಸಾಡಲಾಗದೆ ಕೂಡಿಡುವ ಕಾಯಿಲೆ. ಮನೆಯವರು ಇದಕ್ಕೆ ಗುಜರಿ ಬುದ್ಧಿ ಅನ್ನುತ್ತಿದ್ದರು. ಡಾಕ್ಟರುಗಳೂ ಮೊದಲು ಒಸಿಡಿಯ (ಗೀಳು ಕಾಯಿಲೆಯ) ಬಾಲ ಎಂದೇ ನೋಡುತ್ತಿದ್ದರಂತೆ, 2013ರಲ್ಲಿ ಡಿಎಸ್‌ಎಂ-5 ಎಂಬ ಮನೋರೋಗಗಳ ಅಮೆರಿಕದ ಕೈಪಿಡಿ ಬಂದ ಮೇಲೆ ಇದೇ ಒಂದು ಬೇರೆ ಕಾಯಿಲೆ ಎಂದಾಯಿತು. ಕೆಇಬಿ ಕಾಲದ ಕರೆಂಟ್ ಬಿಲ್ಲು, ಮಗಳ ಯುಕೆಜಿ ಮಾರ್ಕ್ಸ್ ಕಾರ್ಡು, ಕೆಟ್ಟ ಮಿಕ್ಸಿಯ ವೈರು, ಎಲ್ಲ ಹಾಲ್‌ನಲ್ಲೇ ಹರಡಿರುತ್ತಿತ್ತು. ಬೀರು ಖಾಲಿ ಇದ್ದರೂ ಒಳಗಿಡುತ್ತಿರಲಿಲ್ಲ. ಬಾಗಿಲು ಹಾಕಿದರೆ ಆ ಸಾಮಾನು ಇರೋದೇ ಮರೆತುಹೋಗುತ್ತದೆ ಎಂಬ ಭಯ. ಕಣ್ಣಿಗೆ ಬಿದ್ದರೆ ತಾನೇ ನೆನಪು?

ತಮಾಷೆ ಅಂದರೆ, ಡಾಕ್ಟರು ನೆನಪಿನ ಪರೀಕ್ಷೆ ಮಾಡಿದಾಗ ನಾನು ಚೆನ್ನಾಗೇ ಪಾಸಾದೆ. 'ನೆನಪು ಸರಿಯಾಗಿದೆ, ಅದರ ಮೇಲೆ ನಿಮಗೆ ನಂಬಿಕೆ ಇಲ್ಲ ಅಷ್ಟೇ' ಅಂದರು. ಎಲ್ಲರದ್ದೂ ಹೀಗೇ ಅಲ್ಲವಂತೆ, ಕೆಲವರಿಗೆ ನೆನಪೇ ಸ್ವಲ್ಪ ಹಿಂದೆ ಇರುತ್ತದೆ. ಗಮನ ನಿಲ್ಲದಿರೋದು ಮಾತ್ರ ನಮ್ಮಂಥವರಲ್ಲಿ ಜಾಸ್ತಿ.

ಡಬ್ಬ ಗೆದ್ದದ್ದು ಇಲ್ಲೇ. ಹಿಂದೆ ಮಗಳು ನೀಲಿ ಡಬ್ಬ ತಂದಿದ್ದಳು. ಮುಚ್ಚಳ ಹಾಕಿದ ಅರ್ಧ ಗಂಟೆಗೆ ಎಲ್ಲ ವಾಪಸ್ ಸುರಿದಿದ್ದೆ. ಈ ಟ್ರಾನ್ಸ್‌ಪರೆಂಟ್ ಡಬ್ಬದಲ್ಲಿ ಹೊರಗಿಂದಲೇ ಬಿಲ್ಲಿನ ಅಂಚು ಕಾಣುತ್ತದೆ. ಒಂದನ್ನೂ ಸುರಿದಿಲ್ಲ.

ಆದರೆ ವಿಂಗಡಿಸೋ ಕೆಲಸ ನಮ್ಮದೇ. 1997ರ ಬಿಲ್ಲು ಬೇರೆ, 1998ರದ್ದು ಬೇರೆ, ಹಿಂದೆ ಅತ್ತೆ ಹಾಲಿನ ಲೆಕ್ಕ ಬರೆದಿದ್ದ ಬಿಲ್ಲು ಇನ್ನೂ ಬೇರೆ. ಒಂದೊಂದು ಕಾಗದವೂ ನನಗೆ ಒಂದೊಂದು ಜಾತಿ. ಆರು ಡಬ್ಬಕ್ಕೆ 23 ಗುಡ್ಡೆ ಆಯಿತು! ಮಧ್ಯೆ ಹಳೇ ಪೇಪರ್ ಒಂದು ಸಿಕ್ಕಿ, ಸುಮ್ನೆ ಓದುತ್ತಾ ಕೂತು ಅನ್ನ ಸೀದುಹೋಯಿತು. ಈಗ ಅಡುಗೆಮನೆಯ ಟೈಮರ್ 15 ನಿಮಿಷಕ್ಕೆ ಇಟ್ಟು ಕೂರುತ್ತೇನೆ. ಒಂದು ಕಾಗದ ಒಂದೇ ಸಲ ಕೈಗೆ, ತೀರ್ಮಾನ ಆಗದೆ ಕೆಳಗಿಡುವಂತಿಲ್ಲ. ಇದು ಥೆರಪಿಯಲ್ಲಿ ಕಲಿತದ್ದು, ಡಬ್ಬದ ಜೊತೆ ಬರುವುದಿಲ್ಲ.

ಡಬ್ಬದ ಕೊರತೆಯೂ ಇದೆ. ಮೂರು ಪೇರಿಸಿದರೆ ಕೆಳಗಿನ ಮುಚ್ಚಳ ಬಗ್ಗುತ್ತದೆ. ಕ್ಲಿಪ್ಪು ಬಹಳ ಪೊಳ್ಳು, ಎರಡು ಮುರಿದೇಹೋದವು. ಬದಲಿಸಿ ಅಂದರೆ ಅಂಗಡಿಯವರು 'ಕ್ಲಿಪ್ಪಿಗೆಲ್ಲ ಗ್ಯಾರಂಟಿ ಇರಲ್ಲ' ಅಂದರು. ಐದಕ್ಕೆ ಮೂರೂವರೆ ಕೊಡುತ್ತೇನೆ.

ಮುರಿದ ಕ್ಲಿಪ್ಪುಗಳು ಐದನೇ ಡಬ್ಬದಲ್ಲಿವೆ. ಹೊರಗಿಂದಲೇ ಕಾಣುತ್ತವೆ.