ಕಾರ್ ರೇಡಿಯೋದಲ್ಲಿ ಸೌಂಡ್ ಇಲ್ಲವೇ? ಹೊಸ ಸೆಟ್ ಕೊಳ್ಳುವ ಮುಂಚೆ ವೈರ್ ನೋಡಿಸಿ

"ಸೆಟ್ ಹೋಗಿದೆ ಮೇಡಂ, ಹೊಸದು ಹಾಕಿಸಿಬಿಡಿ." ಕಾರಿನ ಸ್ಟೀರಿಯೋದಲ್ಲಿ ಸೌಂಡ್ ಬರುತ್ತಿಲ್ಲ ಅಂತ ಹೋದಾಗ ಅಂಗಡಿಯವರು ಹೀಗೆ ಹೇಳಿದರೆ ದಯವಿಟ್ಟು ಅಲ್ಲೇ ಒಪ್ಪಿಬಿಡಬೇಡಿ. ನನಗೆ 12 ಸಾವಿರ ರೂಪಾಯಿ ಹೋಯಿತು, ಕಾರಿನ ವೈರಿಂಗ್ ಹಾಳಾಯಿತು. ಸೌಂಡ್ ಮಾತ್ರ ಬರಲಿಲ್ಲ.

ತೊಂದರೆ ಏನಿತ್ತು ಅಂದರೆ, ಡಿಸ್‌ಪ್ಲೇ ಚೆನ್ನಾಗೇ ಉರಿಯುತ್ತಿತ್ತು. 101.3 ಕಾಮನಬಿಲ್ಲು ಹಾಕಿದರೆ ನಂಬರ್ ತೋರಿಸುತ್ತಿತ್ತು, 102.9 ವಿವಿಧ ಭಾರತಿಗೂ ಹೋಗುತ್ತಿತ್ತು. ವಾಲ್ಯೂಮ್ ಏರಿಸಿದರೆ ಅಂಕಿ ಏರುತ್ತಿತ್ತು. ಆದರೆ ನಾಲ್ಕೂ ಸ್ಪೀಕರ್ ಮೂಕ. ಪೆನ್‌ಡ್ರೈವ್ ಹಾಕಿದರೂ ಅದೇ ಕತೆ. ಹಿಂದಿನ ಬಲಗಡೆ ಬಾಗಿಲು ತೆಗೆದಾಗ ಮಾತ್ರ ಒಮ್ಮೊಮ್ಮೆ ಹಾಡು ಬರುತ್ತಿತ್ತು, ಬಾಗಿಲು ಹಾಕಿದ ಕೂಡಲೇ ನಿಂತುಹೋಗುತ್ತಿತ್ತು. ಇದನ್ನೆಲ್ಲ ಅಂಗಡಿಯಲ್ಲಿ ಬಿಡಿಸಿ ಹೇಳಿದೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಅಂದರು. ವೈರ್ ಪರೀಕ್ಷಿಸುವ ಮಲ್ಟಿಮೀಟರ್ ಕೈಗೇ ತಗೊಳ್ಳಲಿಲ್ಲ.

ಹೊಸ ಆಂಡ್ರಾಯ್ಡ್ ಸೆಟ್ ಕೂರಿಸುವಾಗ ಕಾರಿನ ಬಾಗಿಲುಗಳೆಲ್ಲ ಪೂರ್ತಿ ತೆಗೆದಿದ್ದವು. ಹಾಡು ಜೋರಾಗಿ ಬಂತು, ದುಡ್ಡು ತಗೊಂಡರು. ಬಾಗಿಲು ಹಾಕಿಕೊಂಡು ಮನೆ ಕಡೆ ಹೊರಟರೆ ಮತ್ತೆ ಅದೇ ಮೌನ. ವಾಪಸ್ ಹೋಗಿ ಕೇಳಿದ್ದಕ್ಕೆ ಈ ಸಲ "ಸ್ಪೀಕರ್ ಹೋಗಿದೆ, ನಾಲ್ಕೂ ಬದಲಾಯಿಸಿ" ಅಂತ ಶುರುಮಾಡಿದರು.

ಕೊನೆಗೆ ಸರಿ ಮಾಡಿಕೊಟ್ಟವರು ನಮ್ಮ ಏರಿಯಾದ ಒಬ್ಬ ಹಿರಿಯ ಆಟೋ ಎಲೆಕ್ಟ್ರಿಷಿಯನ್. ಬಾಗಿಲಿನ ವಿಷಯ ಹೇಳಿದ್ದೇ ತಡ, ಅವರು ಸೆಟ್ ಮುಟ್ಟಲೇ ಇಲ್ಲ. ನೇರವಾಗಿ ಹಿಂದಿನ ಬಾಗಿಲಿಗೂ ಬಾಡಿಗೂ ನಡುವೆ ಇರುವ ಕಪ್ಪು ರಬ್ಬರ್ ಕೊಳವೆ ಬಿಚ್ಚಿದರು. ಒಳಗೆ ಸ್ಪೀಕರ್ ವೈರ್ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋಗಿ, ತಾಮ್ರ ಹೊಳೆಯುತ್ತಿತ್ತು. ಬಾಗಿಲು ಹಾಕಿದಾಗ ಆ ವೈರ್ ಮಡಚಿ ಕಾರಿನ ಬಾಡಿಯ ತಗಡಿಗೆ ತಾಗುತ್ತಿತ್ತು, ಅಷ್ಟೇ. ಬೆಸುಗೆ ಹಾಕಿ, ಸ್ಲೀವ್ ಏರಿಸಿ ಕೊಟ್ಟರು. ತಗೊಂಡಿದ್ದು 300 ರೂಪಾಯಿ.

ಒಂದು ವೈರ್ ತಾಗಿದ್ದಕ್ಕೆ ನಾಲ್ಕೂ ಸ್ಪೀಕರ್ ಯಾಕೆ ನಿಂತವು? ಈಗಿನ ಬಹುತೇಕ ಸ್ಟೀರಿಯೋಗಳಲ್ಲಿ ನಾಲ್ಕು ಸ್ಪೀಕರಿಗೂ ಸೇರಿ ಸೌಂಡ್ ಜೋರು ಮಾಡುವ ಒಂದೇ ಆಂಪ್ಲಿಫೈಯರ್ ಚಿಪ್ ಇರುತ್ತದೆ. ಸ್ಪೀಕರಿನ ಪ್ಲಸ್, ಮೈನಸ್ ಎರಡೂ ವೈರ್ ಆ ಚಿಪ್‌ನಿಂದಲೇ ಬರುತ್ತವೆ. ಮೈನಸ್ ಅಂದರೆ ಅರ್ತ್ ಅಲ್ಲ, ಅದನ್ನೂ ಬಾಡಿಯ ತಗಡಿಗೆ ತಾಗಿಸುವ ಹಾಗಿಲ್ಲ. ಯಾವ ವೈರ್ ಶಾರ್ಟ್ ಆದರೂ ಚಿಪ್ ಸುಟ್ಟುಹೋಗದಿರಲಿ ಅಂತ ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ. ನನ್ನ ಹಳೆಯ ಸೆಟ್ ಮಾಡುತ್ತಿದ್ದದ್ದೂ ಅದನ್ನೇ. ಅದು ಕೆಟ್ಟೇ ಇರಲಿಲ್ಲ. ನನಗೆ ಹೆಚ್ಚು ಹೊಟ್ಟೆ ಉರಿಸಿದ್ದು ಇದು.

ಹಾಗಾಗಿ ಮೊದಲು ಸೌಂಡ್ ಯಾವ ರೀತಿ ಹೋಗಿದೆ ನೋಡಿ. ರೇಡಿಯೋದಲ್ಲಿ ಬರೀ ಗೊರಗೊರ ಬಂದು, ಪೆನ್‌ಡ್ರೈವ್ ಹಾಡು ಸರಿಯಾಗಿ ಬಂದರೆ ಸಾಮಾನ್ಯವಾಗಿ ಆಂಟೆನಾ ಕಡೆಯ ತೊಂದರೆ. ಎರಡರಲ್ಲೂ ಪೂರ್ತಿ ಮೌನವಾಗಿದ್ದರೆ ಮ್ಯೂಟ್ ಒತ್ತಿದೆಯಾ, ಸೌಂಡನ್ನು ಹಿಂದೆ-ಮುಂದೆ, ಎಡ-ಬಲ ಹಂಚುವ ಫೇಡರ್, ಬ್ಯಾಲೆನ್ಸ್ ಒಂದೇ ಕಡೆಗೆ ಹೋಗಿದೆಯಾ ನೋಡಿ, ಆಮೇಲೆ ವೈರಿಗೆ ಬನ್ನಿ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ನಿಂತಿದ್ದರೆ ಕೆಲವು ಸೆಟ್‌ಗಳು ಸೆಕ್ಯುರಿಟಿ ಕೋಡ್ ಕೇಳುತ್ತವೆ, ಅದು ರಿಪೇರಿಯೇ ಅಲ್ಲ.

ಮೆಕ್ಯಾನಿಕ್ ಹತ್ತಿರ ಹೀಗೆ ಕೇಳಿ: ಸೆಟ್ ಹಿಂದಿನ ಕಪ್ಲರ್ (ವೈರ್‌ಗಳೆಲ್ಲ ಸೇರುವ ಪ್ಲಗ್) ಬಿಚ್ಚಿ, ಒಂದೊಂದು ಸ್ಪೀಕರಿನ ಎರಡು ವೈರಿಗೂ ಮೀಟರ್ ಹಿಡಿಯಿರಿ. 4 ಓಮ್ ಸ್ಪೀಕರ್ ಆದರೆ 4ಕ್ಕಿಂತ ತುಸು ಕಡಿಮೆ ತೋರಿಸಬೇಕು. ಅದೇ ವೈರಿಗೂ ಕಾರಿನ ಬಾಡಿಗೂ ನಡುವೆ ಸಂಪರ್ಕ ಏನೂ ತೋರಿಸಬಾರದು. ಈ ಪರೀಕ್ಷೆ ಬಾಗಿಲು ತೆಗೆದು ಒಮ್ಮೆ, ಹಾಕಿ ಒಮ್ಮೆ ಆಗಬೇಕು. ಡ್ಯಾಶ್‌ಬೋರ್ಡ್ ಒಳಗೆ ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದ್ದು ಇರಬಹುದು, ಅದಕ್ಕೆ ಮೀಟರ್ ಹಿಡಿಯಲು ಯಾರನ್ನೂ ಬಿಡಬೇಡಿ.

ಇನ್ನೊಂದು ಪೆಟ್ಟು ಆಮೇಲೆ ಗೊತ್ತಾಯಿತು. ಹೊಸ ಸೆಟ್ ಹಾಕಲು ಅವರು ಕಂಪನಿಯ ಕಪ್ಲರನ್ನೇ ಕತ್ತರಿಸಿ, ವೈರ್ ತಿರುಚಿ ಟೇಪ್ ಸುತ್ತಿದ್ದರು. ಕೀ ಹಾಕಿದಾಗ ಮಾತ್ರ ಕರೆಂಟ್ ಬರಬೇಕಾದ ಕೆಂಪು ವೈರನ್ನೂ ಸದಾ ಕರೆಂಟ್ ಇರುವ ಹಳದಿ ವೈರಿಗೇ ಸೇರಿಸಿದ್ದರು. ಕೀ ತೆಗೆದರೂ ಸೆಟ್ ಒಳಗೊಳಗೇ ಕರೆಂಟ್ ಎಳೆಯುತ್ತಿತ್ತು. ಬೆಳಿಗ್ಗೆ ಎದ್ದರೆ ಬ್ಯಾಟರಿ ಡೌನ್. ಆ ಎರಡು ವೈರನ್ನೂ ಆ ಹಿರಿಯ ಎಲೆಕ್ಟ್ರಿಷಿಯನ್ನೇ ಬೇರೆ ಬೇರೆ ಮಾಡಿಕೊಟ್ಟರು. ಸೆಟ್ ಬದಲಿಸಲೇಬೇಕು ಅಂತಿದ್ದರೆ ನಿಮ್ಮ ಕಾರಿನ ಮಾಡೆಲ್‌ಗೆ ಹೊಂದುವ ಅಡಾಪ್ಟರ್ ಕಪ್ಲರ್ ಹಾಕಿಸಿ. ಒಂದು ವೈರನ್ನೂ ಕತ್ತರಿಸಲು ಬಿಡಬೇಡಿ. ಫ್ಯೂಸ್ ಹೋಗುತ್ತಿದೆ ಅಂತ 10 ಆಂಪಿಯರ್ ಜಾಗಕ್ಕೆ 20 ಹಾಕುವವರಿದ್ದಾರೆ, ಹಾಗೆ ಮಾಡಿದರೆ ಫ್ಯೂಸ್ ಬದಲು ವೈರೇ ಸುಟ್ಟೀತು.

ಹಳೆಯ ಸೆಟ್ಟನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ನನ್ನದನ್ನು "ಗುಜರಿಗೆ ಹೋಯ್ತು" ಅಂದುಬಿಟ್ಟರು. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ಕೂಲಿ ಬೇರೆ, ಸೆಟ್ಟಿನ ಬೆಲೆ ಬೇರೆ ಬರೆಸಿ. ಬಿಲ್ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ನಾನು ಕೊಟ್ಟಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇನೆ.