ತರಬೇತಿಯಿಂದ ರಜೆಗೆ ಬಂದ ಹುಡುಗನ ಕಾಲುನೋವಿಗೆ ಸುಮ್ಮನೆ ಇಂಜೆಕ್ಷನ್ ಹಾಕಿಸಬೇಡಿ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಳ್ಳಿಗಳಲ್ಲಿ ಅಗ್ನಿವೀರ್ ಆಗಿ ಹೋದ ಹುಡುಗರಿರುವ ಮನೆಗಳು ಬಹಳ ಇವೆ. ತರಬೇತಿಯ ನಡುವೆ ಸಣ್ಣದೊಂದು ರಜೆ ಸಿಕ್ಕು ಮಗ ಬರುತ್ತಾನೆಂದರೆ ಮನೆಯಲ್ಲಿ ಹಬ್ಬ. ಅಂಥ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹಾಗೆ ರಜೆಗೆ ಬಂದ ನನ್ನ ತಮ್ಮ ವಾಪಸ್ ಬೆಳಗಾವಿಗೆ ಹೋಗಿದ್ದು ಆಂಬುಲೆನ್ಸಿನಲ್ಲಿ ಮಲಗಿಕೊಂಡು.

ನಮ್ಮೂರು ಮಲೇಬೆನ್ನೂರು ಕಡೆ. ಸುತ್ತ ಭದ್ರಾ ಚಾನಲ್ ನೀರಿನ ಭತ್ತದ ಗದ್ದೆ. ಸೈನ್ಯದ ರ್‍ಯಾಲಿಗೆ ತಯಾರಾಗುವ ಹುಡುಗರೆಲ್ಲ ಓಡುವುದು ಆ ಚಾನಲ್ ಏರಿಯ ಮೇಲೆಯೇ. ತಮ್ಮನೂ ಅಲ್ಲಿ ಬರಿಗಾಲಲ್ಲಿ ಓಡಿ ಓಡಿ ರ್‍ಯಾಲಿಯ 1.6 ಕಿಲೋಮೀಟರ್ ಗೆದ್ದವನು. ಮೆತ್ತನೆ ಮಣ್ಣಿಗೆ ಒಗ್ಗಿದ್ದ ಕಾಲು ತರಬೇತಿ ಕೇಂದ್ರಕ್ಕೆ ಹೋದಮೇಲೆ ಒಮ್ಮೆಲೇ ಬೂಟಿನೊಳಗೆ ಸೇರಿತು. ಬೆಳಿಗ್ಗೆ ಓಟ, ಆಮೇಲೆ ಗಟ್ಟಿ ನೆಲದ ಮೇಲೆ ಹಿಮ್ಮಡಿ ಕುಟ್ಟುವ ಡ್ರಿಲ್, ಸಂಜೆ ಮತ್ತೆ ಆಟ, ಬೆನ್ನಿಗೆ ಭಾರ. ನಿದ್ದೆ ಕಡಿಮೆ.

ಬಂದ ದಿನ ಅವನು ನಮ್ಮ ಮನೆಯ ಕಟ್ಟೆ ಹತ್ತುವಾಗಲೇ ಬಲಗಾಲು ಎತ್ತಿಡುವ ರೀತಿ ಬೇರೆಯಾಗಿತ್ತಂತೆ. ಅವ್ವ ಕೇಳಿದ್ದಕ್ಕೆ "ಏನಾಗಿಲ್ಲ ಬಿಡವ್ವ, ಸ್ವಲ್ಪ ಹಿಡ್ಕಂಡೈತಿ" ಅಂದ. ರಾತ್ರಿ ಎಣ್ಣೆ ಹಚ್ಚಲು ಕೂತಾಗ ಅವಳಿಗೆ ಗೊತ್ತಾಯಿತು. ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯ ಒಳಬದಿಯಲ್ಲಿ, ರೂಪಾಯಿ ನಾಣ್ಯದಷ್ಟು ಜಾಗ. ಅದರ ಮೇಲೆ ಕೆಳಗೆ ಎಲ್ಲಿ ಒತ್ತಿದರೂ ಸುಮ್ಮನಿದ್ದವನು ಆ ಜಾಗಕ್ಕೆ ಹೆಬ್ಬೆರಳು ತಾಗಿದ ಕೂಡಲೇ ಕಾಲು ಎಳೆದುಕೊಂಡ. ಚರ್ಮ ಕೆಂಪಾಗಿರಲಿಲ್ಲ. ಸ್ವಲ್ಪ ಉಬ್ಬಿ ಮಿರುಗುತ್ತಿತ್ತು, ಅಷ್ಟೇ.

ಈ ನೋವನ್ನು ಅವನು ತರಬೇತಿ ಕೇಂದ್ರದಲ್ಲಿ ಯಾರಿಗೂ ಹೇಳಿರಲಿಲ್ಲ. ಅಲ್ಲಿ ಎಂ.ಐ. ರೂಮ್ ಅನ್ನುವ ಚಿಕಿತ್ಸಾ ಕೋಣೆ ಇದೆ, ಡಾಕ್ಟರಿದ್ದಾರೆ, ಔಷಧಿಗೆ ದುಡ್ಡು ಕೊಡಬೇಕಿಲ್ಲ. ಆದರೆ ಸಿಕ್ ರಿಪೋರ್ಟ್ ಮಾಡಿಸಿ, ಅಂದರೆ ಹುಷಾರಿಲ್ಲವೆಂದು ಬರೆಸಿ, ಹೆಚ್ಚು ದಿನ ರೆಸ್ಟ್ ತೆಗೆದುಕೊಂಡರೆ ರೆಲಿಗೇಟ್ ಆಗುತ್ತೇವೆ, ಅಂದರೆ ತಮ್ಮ ನಂತರ ಬರುವ ಬ್ಯಾಚಿಗೆ ಹಾಕುತ್ತಾರೆ ಎಂಬ ಭಯ ಈ ಹುಡುಗರನ್ನು ತಿನ್ನುತ್ತದೆ. ಜೊತೆಯವರು ತರಬೇತಿಯ ಕೊನೆಗೆ ಪ್ರಮಾಣ ಮಾಡುವ ಕಸಂ ಪರೇಡ್ ಮುಗಿಸಿ ಹೊರಟುಬಿಡುತ್ತಾರೆ, ತಾನೊಬ್ಬ ಉಳಿಯುತ್ತೇನೆ. ಮೇಲಾಗಿ 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ್ ಯೋಜನೆಯಲ್ಲಿ ಸೇವೆಯೇ ನಾಲ್ಕು ವರ್ಷ. ಆಮೇಲೆ ಖಾಯಂ ಮಾಡಿಕೊಳ್ಳುವುದು ಹೆಚ್ಚೆಂದರೆ ಶೇಕಡಾ 25 ಮಂದಿಯನ್ನು. ಶುರುವಿನಲ್ಲೇ ಹಿಂದೆ ಬಿದ್ದವನ ಹೆಸರು ಮುಂದೆ ಯಾರು ನೋಡುತ್ತಾರೆ ಅಂತ ಹತ್ತೊಂಬತ್ತರ ಹುಡುಗ ಯೋಚಿಸುವುದು ಸಹಜ. ಊರಿಗೆ ಹೋದಾಗ ಗುಟ್ಟಾಗಿ ವಾಸಿ ಮಾಡಿಕೊಂಡು ಬಂದರಾಯಿತು ಅಂದುಕೊಂಡೇ ಇವನು ಬಂದಿದ್ದ.

ಪಕ್ಕದ ಮನೆಯವರು ಹೇಳಿದ ಕ್ಲಿನಿಕ್ಕಿಗೆ ಅವನ ಗೆಳೆಯ ಬೈಕಿನಲ್ಲಿ ಕರೆದುಕೊಂಡು ಹೋದ. ಹೆಸರು ಹಾಕುವುದಿಲ್ಲ. ಸಂತೆ ದಿನ ಸಾಲು ಹೊರಗಿನ ತನಕ ಬರುವ, ಹೋದವರಿಗೆಲ್ಲ ಸೂಜಿ ಚುಚ್ಚಿಯೇ ಕಳಿಸುವ ಒಂದು ಕೋಣೆಯ ಜಾಗ ಎಂದರೆ ನಮ್ಮ ಕಡೆಯವರಿಗೆ ಅರ್ಥವಾಗುತ್ತದೆ. ಇಂಥವು ಪ್ರತಿ ತಾಲ್ಲೂಕಿನಲ್ಲೂ ಇವೆ. ಆ ಮನುಷ್ಯ ಪ್ಯಾಂಟು ಮೇಲೆತ್ತಿಸಿ ಕಾಲು ನೋಡಲಿಲ್ಲ. ಎಲ್ಲಿ ನೋವು, ಎಷ್ಟು ದಿನದಿಂದ, ಓಡುವಾಗ ಜಾಸ್ತಿಯೋ ಮಲಗಿದಾಗಲೂ ಇದೆಯೋ, ಒಂದನ್ನೂ ಕೇಳಲಿಲ್ಲ. ಎಕ್ಸ್‌ರೇ ಮಾತೇ ಇಲ್ಲ. "ಮಿಲ್ಟ್ರಿ ಹುಡ್ಗ ಆಗಿ ಇಷ್ಟಕ್ಕೆ ಹೆದರ್ತೀಯಾ? ಮಾಂಸ ಹಿಡ್ಕಂಡೈತಿ. ನಾಳೆಯಿಂದ ಓಡು, ತಾನೇ ಸಡ್ಲ ಆಗ್ತೈತಿ" ಅಂದು ಸೊಂಟಕ್ಕೊಂದು ಇಂಜೆಕ್ಷನ್ ಕೊಟ್ಟು, ಕಾಗದದ ಪೊಟ್ಟಣದಲ್ಲಿ ಗುಳಿಗೆ ಕಟ್ಟಿಕೊಟ್ಟ. ಚೀಟಿ ಬರೆಯಲಿಲ್ಲ.

ಮರುದಿನ ನೋವು ಇರಲಿಲ್ಲ. ನಾನು ದಾವಣಗೆರೆಯಲ್ಲಿ ಕೆಲಸದಲ್ಲಿದ್ದೆ. ಫೋನಿನಲ್ಲಿ ಅವನ ದನಿ ಕೇಳಿದರೆ ಗೊತ್ತಾಗುತ್ತಿತ್ತು, ಅಷ್ಟು ಖುಷಿ. ಬೆಳಗಿನ ಜಾವ ಊರ ಹುಡುಗರ ಜೊತೆ ಏರಿ ಮೇಲೆ ಓಡಿದ. ನೋವು ಮತ್ತೆ ಸಣ್ಣಗೆ ತಲೆ ಎತ್ತಿದಾಗ ಅದೇ ಕ್ಲಿನಿಕ್ಕು, ಇನ್ನೊಂದು ಇಂಜೆಕ್ಷನ್. ರಜೆ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ತೂಬಿನ ಹತ್ತಿರ ಸಣ್ಣ ಕಾಲುವೆ ಹಾರಿ ಆಚೆ ಕಾಲೂರಿದವನು ಅಲ್ಲೇ ಕುಸಿದ. ಹಿಂದೆ ಓಡುತ್ತಿದ್ದ ಹುಡುಗರು ಬಂದು ನೋಡುವಷ್ಟರಲ್ಲಿ ಮೊಣಕಾಲಿನ ಕೆಳಗೆ ಕಾಲು ಸೊಟ್ಟಗೆ ತಿರುಗಿತ್ತು. 108ಕ್ಕೆ ಫೋನು ಮಾಡಿ ದಾವಣಗೆರೆಗೆ ತಂದರು.

ಎಕ್ಸ್‌ರೇ ಹಿಡಿದು ಮೂಳೆ ಡಾಕ್ಟರು ನಮ್ಮ ಅಪ್ಪಾಜಿಗೆ ತೋರಿಸಿದ್ದು ಇವತ್ತಾದ ಮುರಿತವನ್ನಷ್ಟೇ ಅಲ್ಲ. ಮುರಿದ ಜಾಗದ ಅಂಚಿನಲ್ಲಿ ಮೂಳೆ ದಪ್ಪಗಾಗಿತ್ತು. ಅಲ್ಲಿ ಮೊದಲೇ ಕೂದಲೆಳೆಯ ಸೀಳು ಬಿಟ್ಟಿತ್ತು, ದೇಹ ಅದನ್ನು ಕೂಡಿಸಲು ಹೊರಟಿತ್ತು, ಅಷ್ಟರಲ್ಲಿ ಓಡಿಸಿ ಮುರಿದಿದ್ದೀರಿ ಅಂದರು. ಇದಕ್ಕೆ ಸ್ಟ್ರೆಸ್ ಫ್ರಾಕ್ಚರ್ ಅನ್ನುತ್ತಾರೆ. ಸೈನಿಕರಿಗೆ ಇದು ಹೊಸ ಕಾಯಿಲೆಯಲ್ಲ. ಕವಾಯತು ಮಾಡಿದ ಸೈನಿಕರ ಪಾದ ಊದಿ ನೋಯುವುದನ್ನು ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹೌಪ್ಟ್ 1855ರಲ್ಲೇ ಬರೆದಿಟ್ಟಿದ್ದರು, ಎಕ್ಸ್‌ರೇ ಕಂಡುಹಿಡಿಯುವುದಕ್ಕೂ ನಲವತ್ತು ವರ್ಷ ಮೊದಲು. ಮೂಳೆಯ ಮೇಲೆ ಭಾರ ಒಮ್ಮೆಲೇ ಹೆಚ್ಚಿದಾಗ ದೇಹ ಮೊದಲು ಹಳೆಯ ಮೂಳೆಯನ್ನು ಕರಗಿಸಿ ಆಮೇಲೆ ಗಟ್ಟಿ ಮೂಳೆ ಕಟ್ಟುತ್ತದೆ. ಕರಗಿಸುವುದು ಬೇಗ, ಕಟ್ಟುವುದು ನಿಧಾನ. ತರಬೇತಿಯ ಮೊದಲ ಕೆಲವು ವಾರಗಳಲ್ಲಿ ಮೂಳೆ ಸೋತಿರುವುದು ಇದಕ್ಕೇ. ಆ ಹೊತ್ತಿನಲ್ಲೂ ಬಡಿತ ನಿಲ್ಲದಿದ್ದರೆ, ತಂತಿಯನ್ನು ಒಂದೇ ಕಡೆ ಬಗ್ಗಿಸುತ್ತಾ ಹೋದ ಹಾಗೆ, ಸೀಳು ಬಿಡುತ್ತದೆ.

ಆ ಸೀಳು ಮುಂಗಾಲಿನ ಒಳಬದಿಯಲ್ಲಿದ್ದು ಬೇಗ ಗೊತ್ತಾದರೆ ಸಾಮಾನ್ಯವಾಗಿ ಓಟ, ಜಿಗಿತ ಬಿಟ್ಟು ಆರರಿಂದ ಎಂಟು ವಾರ ಕಾಲಿಗೆ ವಿಶ್ರಾಂತಿ ಕೊಟ್ಟರೆ ಕೂಡಿಕೊಳ್ಳುತ್ತದಂತೆ. ನನ್ನ ತಮ್ಮನ ಮೂಳೆಯೊಳಗೆ ಈಗ ಉದ್ದದ ರಾಡು ಇದೆ.

ಮನೆಯಲ್ಲಿ ಉಳಿದಿದ್ದ ಪೊಟ್ಟಣವನ್ನು ಆ ಮೂಳೆ ಡಾಕ್ಟರಿಗೆ ತೋರಿಸಿದೆವು. ಕತ್ತರಿಸಿದ ಸ್ಟ್ರಿಪ್ಪಿನ ಮೇಲೆ ಉಳಿದ ಅಕ್ಷರ ನೋಡಿ ಒಂದು ಡೈಕ್ಲೋಫಿನಾಕ್, ಇನ್ನೊಂದು ಡೆಕ್ಸಾಮೆಥಸೋನ್ ಅಂದರು. ಒಂದು ನೋವಿನ ಗುಳಿಗೆ, ಇನ್ನೊಂದು ಸ್ಟೀರಾಯ್ಡ್. ಎರಡೂ ನೋವು ಮುಚ್ಚುತ್ತವೆ, ಸೀಳನ್ನು ಕೂಡಿಸುವುದಿಲ್ಲ. ಓಡಬೇಡ ಎಂದು ಕಾಲು ಹೇಳುತ್ತಿದ್ದದ್ದನ್ನು ಆ ಮನುಷ್ಯ ಬಾಯಿ ಕಟ್ಟಿ ಕೂರಿಸಿದ. ಇಂಜೆಕ್ಷನ್ನಿನಲ್ಲಿ ಏನಿತ್ತು ಎಂದು ಕೇಳಿದರೆ ಇವತ್ತಿಗೂ ಉತ್ತರವಿಲ್ಲ.

ಹಾಗಾಗಿ ಹುಡುಗ ಬಂದಾಗ ಕುಂಟುತ್ತಿದ್ದರೆ ಅವನ ಮಾತು ನಂಬಿ ಬಿಡಬೇಡಿ. ಬೆರಳಲ್ಲಿ ಒತ್ತಿ ನೋಡಿ. ಮಾಂಸದ ನೋವು ಸಾಮಾನ್ಯವಾಗಿ ಅಗಲಕ್ಕೆ ಹರಡಿರುತ್ತದೆ. ಮೂಳೆಯ ಮೇಲೆ ಒಂದೇ ಚುಕ್ಕೆಯಲ್ಲಿ ನೋವು ಇದ್ದರೆ, ಓಡಿದಾಗ ಹೆಚ್ಚಿ ಬರಬರುತ್ತಾ ನಡೆದಾಗಲೂ ಇದ್ದರೆ, ಓಟ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ. ತೊಡೆಸಂದಿಯಲ್ಲಿ ನೋವೆಂದರೆ ಒಂದು ದಿನವೂ ತಡಮಾಡಬೇಡಿ. ಅದು ತೊಡೆಮೂಳೆಯ ಕುತ್ತಿಗೆಯ ಸೀಳಾಗಿದ್ದರೆ ಮುರಿದಾಗ ಚಪ್ಪೆಗೇ ಕುತ್ತು. ಇನ್ನೊಂದು ಮಾತು ಮುಖ್ಯ: ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಈ ಸೀಳು ಕಾಣದೇ ಹೋಗಬಹುದು. ಎಕ್ಸ್‌ರೇ ಸರಿ ಇದೆ ಅಂದಮೇಲೂ ನೋವು ಅಲ್ಲೇ ಇದ್ದರೆ ಎಂ.ಆರ್.ಐ. ಬೇಕೇ ಎಂದು ಕೇಳಿ.

ತರಬೇತಿ ಕೇಂದ್ರಕ್ಕೆ ತಕ್ಷಣ ಫೋನು ಮಾಡಿ. ಅಪ್ಪಾಜಿ ಹೆದರಿಕೊಂಡೇ ಮಾಡಿದ್ದರು. ಆ ಕಡೆಯ ಉಸ್ತಾದರು, ಅಂದರೆ ತರಬೇತಿ ಕೊಡುವವರು, ಬೈಯಲಿಲ್ಲ. "ನನಗೆ ಯಾಕೆ ಹೇಳಲಿಲ್ಲ ಅವನು?" ಎಂದು ಎರಡು ಸಲ ಕೇಳಿ, ಯಾವ ಯಾವ ಕಾಗದ ಬೇಕು ಅಂತ ಬರೆಸಿದರು. ಆಪರೇಷನ್ ಆದಮೇಲೆ ಬೆಳಗಾವಿಯ ಮಿಲಿಟರಿ ಆಸ್ಪತ್ರೆಗೆ ಸೇರಿಸಿಕೊಂಡರು. ಗುಟ್ಟಾಗಿ ವಾಸಿ ಮಾಡಿಕೊಳ್ಳುವುದರಲ್ಲಿ ಇನ್ನೊಂದು ಅಪಾಯ ಇದೆ. ಪೆಟ್ಟು ಸೇವೆಯಿಂದ ಆದದ್ದೋ ಅಲ್ಲವೋ ಎಂಬುದನ್ನು ಮುಂದೆ ದಾಖಲೆ ನೋಡಿಯೇ ತೀರ್ಮಾನಿಸುತ್ತಾರೆ. ತರಬೇತಿಯಲ್ಲೇ ಶುರುವಾದ ನೋವು ಎಂ.ಐ. ರೂಮಿನ ಪುಸ್ತಕದಲ್ಲಿ ಇಲ್ಲದಿದ್ದರೆ, ಕಾಗದದ ಪ್ರಕಾರ ಅದು ಊರಲ್ಲಿ ಕಾಲುವೆ ಹಾರಿ ಬಿದ್ದ ಪೆಟ್ಟು. ನಾವು ಈಗ ಅದಕ್ಕೇ ಓಡಾಡುತ್ತಿದ್ದೇವೆ. ಹಳೆಯ ಸೀಳು ಕಾಣುವ ಆ ಎಕ್ಸ್‌ರೇ ಒಂದೇ ನಮ್ಮ ಕೈಯಲ್ಲಿರುವ ಸಾಕ್ಷಿ.

ತಮ್ಮ ಈಗ ಊರುಗೋಲು ಹಿಡಿದು ನಡೆಯುತ್ತಾನೆ. ಮುಂದಿನ ಬ್ಯಾಚಿಗೆ ಸೇರಿಸುತ್ತಾರೋ ಇಲ್ಲವೋ ಎನ್ನುವುದು ಮೆಡಿಕಲ್ ಬೋರ್ಡಿನ ಕೈಯಲ್ಲಿದೆ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದಲೂ ಇದೆ. ಕ್ಲಿನಿಕ್ ನಡೆಸುವವರು ಅದರಡಿ ನೋಂದಣಿ ಮಾಡಿಸಿ, ಪತ್ರವನ್ನು ಕಾಣುವಂತೆ ಹಾಕಬೇಕು. ಒಳಗೆ ಹೋದಾಗ ಗೋಡೆ ನೋಡಿ, ಇಲ್ಲದಿದ್ದರೆ ಎದ್ದು ಬನ್ನಿ. ನಾವು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಕ್ಲಿನಿಕ್ಕು ಇನ್ನೂ ನಡೆಯುತ್ತಿದೆ. ಇಂಥದೇ ಜಾಗದಲ್ಲಿ ಹೀಗೆ ಪೆಟ್ಟು ತಿಂದವರು ನಮ್ಮ ಕಡೆ ಇನ್ನೂ ಇದ್ದೀರಿ ಎಂದು ಗೊತ್ತು. ಖಾಲಿ ಸ್ಟ್ರಿಪ್ಪು, ಪೊಟ್ಟಣ ಏನಿದ್ದರೂ ಬಿಸಾಡದೆ ಎತ್ತಿಟ್ಟುಕೊಂಡು ನೀವೂ ಒಂದು ದೂರು ಬರೆದುಕೊಡಿ.